ನೊಣ ತಡವಾಗಿ ಬೆಳೆದರೆ ನಮಗೇನು?

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಪ್ರಯೋಗಾಲಯದಲ್ಲಿ ಹಣ್ಣುನೊಣಗಳಿಗೆಂದು ಮಾಡುವ ಅಡುಗೆ ನಮ್ಮ ಮನೆಯ ಸಜ್ಜಿಗೆಗೆ ತೀರಾ ಹತ್ತಿರದ್ದು. ಒಂದು ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ಗೋಧಿ ರವೆ, ಗಟ್ಟಿಯಾಗಲೆಂದು 10 ಗ್ರಾಂ ಅಗರ್. ಇದಕ್ಕೆ ಏಳೂವರೆ ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ ಸೇರುತ್ತದೆ. ಮೂಗಿಗೆ ಘಾಟು ಹೊಡೆಯುವ ಈ ಆಮ್ಲ ಇಲ್ಲದಿದ್ದರೆ ಬಾಟಲಿಯೊಳಗಿನ ಸಜ್ಜಿಗೆ ನೊಣಕ್ಕಿಂತ ಮೊದಲು ಬೂಷ್ಟಿನ ಪಾಲಾಗುತ್ತದೆ. ಅಂಗಡಿಯ ಬ್ರೆಡ್ಡು ಕೆಡದಂತೆ ಹಾಕುವ ಕ್ಯಾಲ್ಸಿಯಂ ಪ್ರೊಪಿಯೋನೇಟ್ ಇದೇ ಆಮ್ಲದ ಲವಣ.

ಹಾಗಾಗಿ, ಸಂರಕ್ಷಕ ಸೋಕದ ಆಹಾರ ತಿಂದು ಬೆಳೆದ ನೊಣ ಪ್ರಯೋಗಾಲಯಗಳಲ್ಲಿ ಅಪರೂಪ. ಯಾವುದೋ ರಾಸಾಯನಿಕ ತಿಂದ ನೊಣಗಳು ಕುಂಠಿತವಾದವು ಎಂಬ ಸುದ್ದಿ ಕಣ್ಣಿಗೆ ಬಿದ್ದಾಗ, ಅವುಗಳ ಪಕ್ಕ ಹೋಲಿಕೆಗೆ ಇಟ್ಟ ನೊಣಗಳು ಏನು ತಿಂದಿದ್ದವು ಎಂದು ಮೊದಲು ಕೇಳಬೇಕು.

ಇಲ್ಲಿ ನಾನು ಹೇಳಹೊರಟಿರುವ ರಾಸಾಯನಿಕ ಸೋಡಿಯಂ ಬೆಂಜೋಯೇಟ್. ಸಾಸ್, ಉಪ್ಪಿನಕಾಯಿ, ಸ್ಕ್ವಾಷ್, ತಂಪು ಪಾನೀಯದ ಲೇಬಲ್ಲುಗಳ ಮೇಲೆ 211 ಎಂಬ ಸಂಖ್ಯೆಯಾಗಿ ಕೂತಿರುವುದು ಇದೇ. ಹುಳಿಯಿರುವ ಪದಾರ್ಥದಲ್ಲಿ ಇದು ಬೆಂಜೋಯಿಕ್ ಆಮ್ಲವಾಗಿ ಯೀಸ್ಟ್, ಬೂಷ್ಟು, ಬ್ಯಾಕ್ಟೀರಿಯಗಳ ಜೀವಕೋಶದೊಳಗೆ ನುಗ್ಗಿ ಅವುಗಳ ಬೆಳವಣಿಗೆಗೆ ತಡೆಯೊಡ್ಡುತ್ತದೆ. ಇದರ ಬಗ್ಗೆ ಜಗಳವೂ ಹಳೆಯದೇ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದ ರಸಾಯನವಿಜ್ಞಾನಿ ಹಾರ್ವಿ ವೈಲಿ ಇದನ್ನು ಯುವ ಸ್ವಯಂಸೇವಕರಿಗೆ ಉಣಿಸಿ ನೋಡಿ, ಹಾನಿಕರ ಎಂದರು. ಅಲ್ಲಿನ ಸರ್ಕಾರ ನೇಮಿಸಿದ ವಿಜ್ಞಾನಿಗಳ ಮಂಡಳಿ, ಅಲ್ಪ ಪ್ರಮಾಣದಲ್ಲಿ ಅಪಾಯವಿಲ್ಲ ಎಂದಿತು. ಅಂದು ಗೆದ್ದ ಮಂಡಳಿಯ ಮಾತೇ ಇಂದಿಗೂ ನಡೆಯುತ್ತಿದೆ.

ನೊಣವನ್ನೇ ಯಾಕೆ ಕೇಳಬೇಕು? ಅದರ ಬೆಳವಣಿಗೆ ಗಡಿಯಾರದಷ್ಟು ಕರಾರುವಾಕ್ಕು. 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮೊಟ್ಟೆ ಸುಮಾರು ಒಂದು ದಿನದಲ್ಲಿ ಒಡೆಯುತ್ತದೆ. ಹೊರಬಂದ ಮರಿಹುಳು ಬಿಡುವಿಲ್ಲದೆ ತಿನ್ನುತ್ತಾ ನಾಲ್ಕೇ ದಿನಗಳಲ್ಲಿ ಸುಮಾರು 200 ಪಟ್ಟು ತೂಗುತ್ತದೆ. ಐದನೇ ದಿನ ಬಾಟಲಿಯನ್ನು ಬೆಳಕಿಗೆ ಹಿಡಿದರೆ, ರವೆಯಲ್ಲಿ ಸುರಂಗ ಕೊರೆದಿದ್ದ ಹುಳುಗಳು ಒಂದೊಂದಾಗಿ ಮೇಲೆದ್ದು ಗಾಜಿನ ಗೋಡೆ ಹತ್ತುವುದು ಕಾಣುತ್ತದೆ. ಒಣಜಾಗ ಸಿಕ್ಕಿದಲ್ಲಿ ನಿಂತು ಮೈ ಕುಗ್ಗಿಸಿಕೊಳ್ಳುತ್ತವೆ. ಆಗ ಬೆಳ್ಳಗಿರುವ ಹೊರಚರ್ಮ ಕೆಲವೇ ಗಂಟೆಗಳಲ್ಲಿ ಕಂದುಬಣ್ಣದ ಗಟ್ಟಿ ಕೋಶವಾಗುತ್ತದೆ. ಹತ್ತನೇ ದಿನದ ಹೊತ್ತಿಗೆ ಅದನ್ನು ಸೀಳಿಕೊಂಡು ನೊಣ ಹೊರಬರುತ್ತದೆ. ಈ ಗಡಿಯಾರಕ್ಕೆ ಕೀಲಿ ಕೊಡುವುದು ಎಕ್ಡೈಸೋನ್ ಎಂಬ ಹಾರ್ಮೋನು. ಶಾಖ 18 ಡಿಗ್ರಿಗೆ ಇಳಿದರೆ ಹತ್ತು ದಿನದ ಕೆಲಸಕ್ಕೆ ಹೆಚ್ಚುಕಡಿಮೆ ಇಪ್ಪತ್ತು ದಿನ ಹಿಡಿಯುತ್ತದೆ. ಬಾಟಲಿಯಲ್ಲಿ ಹುಳುಗಳು ಕಿಕ್ಕಿರಿದರೂ ತಡವಾಗುತ್ತದೆ. ಇವೆಲ್ಲವನ್ನೂ ಸಮನಾಗಿಟ್ಟ ಮೇಲೂ ಒಂದು ಗುಂಪು ಹಿಂದೆ ಬಿದ್ದರೆ, ಆಗ ತಿಂದದ್ದರ ಕಡೆ ಬೆರಳು ತೋರಿಸಬಹುದು.

2022ರಲ್ಲಿ ಫ್ರಾಂಟಿಯರ್ಸ್ ಇನ್ ಮೈಕ್ರೋಬಯಾಲಜಿ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಬೆಂಜೋಯೇಟಿನ ಕಡೆ ಹಾಗೆ ಬೆರಳು ತೋರಿಸಿತು. ಅದನ್ನು ತಿಂದ ಮರಿಹುಳುಗಳ ಬೆಳವಣಿಗೆ ನಿಧಾನವಾಯಿತು, ನೊಣಗಳ ಆಯಸ್ಸು ಕುಗ್ಗಿತು, ಹಾರ್ಮೋನಿಗೆ ಸಂಬಂಧಿಸಿದ ಕೆಲವು ಜೀನ್‌ಗಳ ಚಟುವಟಿಕೆ ಬದಲಾಯಿತು. ಇವುಗಳ ಜೊತೆಗೆ, ನೊಣದೊಂದಿಗೆ ಬಾಳುವ ಸೂಕ್ಷ್ಮಜೀವಿಗಳ ಸಮುದಾಯವೂ ಮಾರ್ಪಟ್ಟಿತ್ತು.

ಈ ಕೊನೆಯ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಹಣ್ಣುನೊಣದ ಹುಳು ಕೊಳೆತ ಹಣ್ಣಿನ ಜೊತೆ ಅದರ ಮೇಲೆ ಬೆಳೆಯುವ ಯೀಸ್ಟನ್ನೂ ತಿನ್ನುತ್ತದೆ. ಅದರ ಕರುಳಿನಲ್ಲಿರುವ ಲ್ಯಾಕ್ಟೋಬ್ಯಾಸಿಲಸ್, ಅಸಿಟೋಬ್ಯಾಕ್ಟರ್ ಜಾತಿಯ ಬ್ಯಾಕ್ಟೀರಿಯಗಳು ಬಡ ಆಹಾರದಲ್ಲೂ ಹುಳು ಬೇಗ ಬೆಳೆಯಲು ನೆರವಾಗುತ್ತವೆ ಎಂಬುದನ್ನು 2011ರಲ್ಲೇ ಎರಡು ಬೇರೆ ಬೇರೆ ತಂಡಗಳು ತೋರಿಸಿದ್ದವು. ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುವುದೇ ಕಸುಬಾಗಿರುವ ವಸ್ತುವನ್ನು ಇಂಥ ಹುಳುವಿನ ಬಾಯಿಗಿಟ್ಟರೆ, ವಿಷ ತಗಲಿದ್ದು ಹುಳುವಿಗೋ ಅಥವಾ ಅದನ್ನು ಸಾಕುತ್ತಿದ್ದ ಜೀವಿಗಳಿಗೋ? ಎರಡೂ ಆಗಿರಬಹುದು. ಸೂಕ್ಷ್ಮಜೀವಿರಹಿತವಾಗಿ ಸಾಕಿದ ಹುಳುಗಳಿಗೂ ಸಾಮಾನ್ಯ ಹುಳುಗಳಿಗೂ ಒಂದೇ ಪ್ರಮಾಣದ ಬೆಂಜೋಯೇಟ್ ಕೊಟ್ಟು ನೋಡಿದರೆ ಇವೆರಡನ್ನು ಬಿಡಿಸಬಹುದು. ನೊಣದ ತಳಿಗಳ ಭಂಡಾರವಿರುವ ಮೈಸೂರು ವಿಶ್ವವಿದ್ಯಾಲಯಕ್ಕೂ ನೊಣದ ಮೇಲೆ ದಶಕಗಳಿಂದ ಕೆಲಸ ನಡೆದಿರುವ ಬೆಂಗಳೂರಿನ ಸಂಸ್ಥೆಗಳಿಗೂ ಇದು ಕೈಗೆಟುಕುವ ಪ್ರಯೋಗ. ರವೆ-ಬೆಲ್ಲದ ಖರ್ಚು ಎಷ್ಟಾದೀತು?

ನೊಣಕ್ಕೆ ಆದದ್ದು ನಾಳೆ ನಮ್ಮ ಮಗುವಿಗೂ ಆಗುತ್ತದೆ ಎಂದು ಗಾಬರಿಪಡಿಸುವುದು ತಪ್ಪು. ಹುಳು ತಾನು ತಿನ್ನುವ ಆಹಾರದೊಳಗೇ ಮುಳುಗಿ ಬದುಕುತ್ತದೆ, ಅದಕ್ಕೆ ಬೇರೆ ಊಟವಿಲ್ಲ. ನಮ್ಮ ದೇಹವಾದರೋ ಬೆಂಜೋಯೇಟನ್ನು ಬೇಗನೆ ಹೀರಿಕೊಂಡು, ಯಕೃತ್ತಿನಲ್ಲಿ ಗ್ಲೈಸಿನ್ ಜೊತೆ ಜೋಡಿಸಿ, ಹಿಪ್ಪುರಿಕ್ ಆಮ್ಲವಾಗಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಹುಟ್ಟಿನಿಂದಲೇ ರಕ್ತದಲ್ಲಿ ಅಮೋನಿಯ ಏರುವ ಕಾಯಿಲೆಯಿರುವ ಶಿಶುಗಳಿಗೆ ವೈದ್ಯರು ಇದನ್ನೇ ಔಷಧವಾಗಿ ಕೊಡುತ್ತಾರೆ. ಹಾಗೆಂದು ನೊಣವೆಲ್ಲಿ, ಮನುಷ್ಯನೆಲ್ಲಿ ಎಂದು ತಳ್ಳಿಹಾಕುವುದೂ ಸಲ್ಲದು. ಮನುಷ್ಯರ ಕಾಯಿಲೆಗೆ ಸಂಬಂಧಿಸಿದ ಜೀನ್‌ಗಳಲ್ಲಿ ಮುಕ್ಕಾಲು ಪಾಲಿಗೆ ನೊಣದಲ್ಲಿ ಜೋಡಿಯಿದೆ. ಅದು ತಡವಾಗಿ ಬೆಳೆದರೆ, ಬೆಳೆಯುವ ವಯಸ್ಸಿನ ದೇಹಕ್ಕೆ ಎಷ್ಟು ಹೋಗುತ್ತಿದೆ ಎಂದು ನಾವು ಲೆಕ್ಕ ಹಾಕಿ ನೋಡಬೇಕು.

ಆ ಲೆಕ್ಕ ಹಾಕೋಣ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಇಟ್ಟ ಮಿತಿ, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ. ಆ ಪ್ರಕಾರ 15 ಕಿಲೋ ತೂಗುವ ಮಗುವಿಗೆ 75 ಮಿಲಿಗ್ರಾಂ. ಲೀಟರಿಗೆ 120 ಮಿಲಿಗ್ರಾಂ ಇರುವ ಪಾನೀಯ ಒಂದು ಲೋಟ, ಅಂದರೆ 200 ಮಿಲಿಲೀಟರ್ ಕುಡಿದರೆ 24. ಕಿಲೋಗೆ 750 ಮಿಲಿಗ್ರಾಂ ಇರುವ ಸಾಸ್ ಎರಡು ಚಮಚ, ಸುಮಾರು 20 ಗ್ರಾಂ ನೆಕ್ಕಿದರೆ 15. ಒಟ್ಟು 39. ಮಿತಿಯ ಒಳಗೇ ಇದೆ, ನೆಮ್ಮದಿ. ಹುಟ್ಟುಹಬ್ಬದ ದಿನ ಮೂರು ಲೋಟ ಪಾನೀಯ, ಅಷ್ಟೇ ಸಾಸ್ ಆದರೆ 87. ಒಂದು ದಿನ ಮಿತಿ ದಾಟಿದ ಮಾತ್ರಕ್ಕೆ ಏನೂ ಆಗದು, ಈ ಮಿತಿ ಜೀವಮಾನವಿಡೀ ದಿನಾ ತಿನ್ನುವುದನ್ನು ಲೆಕ್ಕಕ್ಕಿಟ್ಟುಕೊಂಡದ್ದು. ಆದರೆ ಇಲ್ಲಿ ನಾನು ಬಳಸಿದ 120, 750 ಎಂಬ ಅಂಕಿಗಳು ಊಹೆಗೆ ಇಟ್ಟುಕೊಂಡವು. ನಮ್ಮ ಸೀಸೆಗಳ ಮೇಲೆ ಸಂರಕ್ಷಕದ ಸಂಖ್ಯೆ ಇರುತ್ತದೆ, ಪ್ರಮಾಣ ಇರುವುದಿಲ್ಲ. ಸಕ್ಕರೆ, ಕೊಬ್ಬು, ಸೋಡಿಯಂ ಎಷ್ಟಿದೆ ಎಂದು ಅಚ್ಚು ಹಾಕಿಸುವ ನಿಯಮಕ್ಕೆ 211ರ ಮುಂದೆ ಮಿಲಿಗ್ರಾಂ ಬರೆಸುವುದು ಭಾರವೇನಲ್ಲ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ಕಡ್ಡಾಯ ಮಾಡಬೇಕು.

ಲೇಬಲ್ಲಿನ ಜೊತೆಗೆ ಪರೀಕ್ಷೆಯೂ ಬೇಕು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಮಾದರಿ ತಂದು ಪರೀಕ್ಷೆ ಮಾಡಿಸಿದ್ದರಿಂದಲೇ ಅದು ಸಾಧ್ಯವಾಯಿತು. ಗೋಬಿ ಮಾರುವ ಅದೇ ಗಾಡಿಗಳ ಮೇಲೆ, ತುದಿಗೆ ತೂತು ಮಾಡಿದ ಕೆಂಪು ಪ್ಲಾಸ್ಟಿಕ್ ಬಾಟಲಿಯೊಂದು ಇರುತ್ತದೆ. ದೊಡ್ಡ ಕ್ಯಾನಿನಿಂದ ಸುರಿದುಕೊಂಡ ಸಾಸ್ ಅದು. ಅದಕ್ಕೆ ಲೇಬಲ್ಲೂ ಇಲ್ಲ, ಸಂಖ್ಯೆಯೂ ಇಲ್ಲ. ಶಾಲೆ ಬಿಟ್ಟ ಮಕ್ಕಳು ಅದನ್ನು ತಾವೇ ಹಿಂಡಿಕೊಂಡು ತಿನ್ನುತ್ತಾರೆ. ಮುಂದಿನ ಬಾರಿ ಆಹಾರ ಸುರಕ್ಷತಾ ಇಲಾಖೆಯ ಅಧಿಕಾರಿಗಳು ಮಾದರಿ ತೆಗೆಯಲು ಹೋದಾಗ ಆ ಬಾಟಲಿಯಿಂದಲೂ ಒಂದಿಷ್ಟು ತರಲಿ.