ಕಂದು ಹಾಕಿದ ಆಕಳನ್ನು ಗುಟ್ಟಾಗಿ ಮಾರಬೇಡಿ

ಸೋಂದಾ ಸೀಮೆಯಲ್ಲಿ ಅಡಿಕೆ ತೋಟ ಇದ್ದ ಮೇಲೆ ಕೊಟ್ಟಿಗೆಯೂ ಇರಬೇಕು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ, ಇದು ಹಿರಿಯರ ಕಾಲದ ಲೆಕ್ಕ. ಹಾಲಿಗಿಂತ ಗೊಬ್ಬರಕ್ಕಾಗಿಯೇ ಎರಡು ದನ ಕಟ್ಟಿಕೊಂಡವರೂ ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಇಂಥ ಊರಲ್ಲಿ ಗಬ್ಬದ ಆಕಳು ಏಳೆಂಟು ತಿಂಗಳಿಗೆ ಕಂದು ಹಾಕಿದರೆ ಏನಾಗುತ್ತದೆ? ಬಿದ್ದು ಪೆಟ್ಟಾಗಿರಬೇಕು, ಹಲಸಿನ ಹಣ್ಣು ಹೆಚ್ಚು ತಿಂದಿರಬೇಕು, ಯಾರದೋ ದೃಷ್ಟಿ ತಾಗಿರಬೇಕು ಅಂತ ಮಾತಾಡಿಕೊಳ್ಳುತ್ತೇವೆ. "ಈ ಸಲ ಹೋತು, ಬಪ್ಪ ಸಲ ಸರಿ ಆಗ್ತು ಬಿಡು" ಅಂತ ಪಕ್ಕದ ಮನೆಯವರು ಸಮಾಧಾನ ಹೇಳುತ್ತಾರೆ. ಅಲ್ಲಿಗೆ ವಿಷಯ ಮುಗಿಯಿತು.

ಮುಗಿಯಬಾರದು ಅನ್ನೋದು ನನ್ನ ವಾದ. ನಾನು ಪಶುವೈದ್ಯ ಅಲ್ಲ, ದನ ಸಾಕಿ ಡೈರಿಗೆ ಹಾಲು ಹಾಕುವವ. ಆದರೆ ಕಂದು ರೋಗದ ವಿಷಯದಲ್ಲಿ ನಾವು ರೈತರೇ ಬಾಯಿ ಬಿಡದಿದ್ದರೆ ಯಾವ ಇಲಾಖೆಯಿಂದಲೂ ಏನೂ ಆಗುವುದಿಲ್ಲ.

ಕಂದು ರೋಗ ಅಂದರೆ ಬ್ರುಸೆಲ್ಲೋಸಿಸ್. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ಜ್ವರದಿಂದ ಸತ್ತ ಸೈನಿಕರಲ್ಲಿ ಈ ಜಾತಿಯ ಬ್ಯಾಕ್ಟೀರಿಯಾ ಕಂಡುಹಿಡಿದ. ಹತ್ತು ವರ್ಷದ ನಂತರ ಡೆನ್ಮಾರ್ಕಿನ ಪಶುವೈದ್ಯ ಬ್ಯಾಂಗ್, ದನ ಕಂದು ಹಾಕುವುದಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಪತ್ತೆ ಮಾಡಿದ. ಎರಡೂ ಒಂದೇ ಕುಲದವು ಅಂತ ಆಮೇಲೆ ಗೊತ್ತಾಯಿತು. ಅಂದರೆ ಕೊಟ್ಟಿಗೆಯ ರೋಗವೂ ಮನುಷ್ಯನ ಜ್ವರವೂ ಒಂದೇ ಬುಡದ್ದು.

ಈ ರೋಗದ ಒಂದು ಗುಣ ಎಲ್ಲರೂ ತಿಳಿಯಬೇಕು. ರೋಗ ತಗುಲಿದ ಆಕಳು ಸಾಮಾನ್ಯವಾಗಿ ಒಂದೇ ಸಲ ಕಂದು ಹಾಕುತ್ತದೆ. ಮುಂದಿನ ಸಲ ದಿನ ತುಂಬಿ ಕರು ಹಾಕಬಹುದು. ನಾವು ಗುಣ ಆಯ್ತು ಅಂದುಕೊಳ್ಳುತ್ತೇವೆ. ನಿಜವಾಗಿ ರೋಗಾಣು ಅದರ ಕೆಚ್ಚಲಲ್ಲಿ, ಗರ್ಭಕೋಶದಲ್ಲಿ ಉಳಿದುಕೊಂಡಿರುತ್ತದೆ. ಪ್ರತಿ ಸಲ ಕರು ಹಾಕುವಾಗ ಕಸದಲ್ಲಿ, ನೀರಿನಲ್ಲಿ ಹೊರಗೆ ಬೀಳುತ್ತದೆ, ಹಾಲಿನಲ್ಲೂ ಬರುತ್ತದೆ. ಪಕ್ಕದ ದನ ಅದನ್ನು ನೆಕ್ಕಿದರೆ, ಅದು ಬಿದ್ದ ಹುಲ್ಲು ತಿಂದರೆ ಸಾಕು. ಬಿಸಿಲಿಗೆ ಈ ರೋಗಾಣು ಬೇಗ ಸಾಯುತ್ತದೆ. ಆದರೆ ನೆರಳು, ತಂಪು, ತೇವ ಇದ್ದಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕುತ್ತದೆ. ನಮ್ಮ ಮಳೆಗಾಲದ ಕೊಟ್ಟಿಗೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಈ ಗುಣದಿಂದಲೇ ಗುಟ್ಟಿನ ಮಾರಾಟ ಅಪಾಯದ್ದು. ಕಂದು ಹಾಕಿದ ಆಕಳನ್ನು ಮತ್ತೆ ಗಬ್ಬ ಕಟ್ಟಿಸಿ, ಏನೂ ಹೇಳದೆ ದಲ್ಲಾಳಿ ಕೈಗೆ ಕೊಟ್ಟರೆ ಸಿರಸಿಯ ರೋಗ ಯಲ್ಲಾಪುರಕ್ಕೆ ಹೋಗುತ್ತದೆ, ಸಿದ್ದಾಪುರದ್ದು ಇಲ್ಲಿಗೆ ಬರುತ್ತದೆ. ಕೊಂಡವನು ಕೆಚ್ಚಲು ನೋಡುತ್ತಾನೆ, ಹಲ್ಲು ನೋಡುತ್ತಾನೆ, ರಕ್ತ ಪರೀಕ್ಷೆ ಆಗಿದೆಯಾ ಅಂತ ಕೇಳುವುದಿಲ್ಲ. ಇನ್ನು ಮೇಲೆ ಕೇಳಬೇಕು. ಮಾರುವವನೂ ಹೇಳಬೇಕು.

ಮನುಷ್ಯರ ವಿಷಯಕ್ಕೆ ಬರೋಣ. ಹಸಿ ಹಾಲಿನಿಂದ ಬರುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜ. ಆದರೆ ನಮ್ಮ ಮನೆಗಳಲ್ಲಿ ಹಾಲು ಕಾಯಿಸದೆ ಹೆಪ್ಪು ಹಾಕುವವರು ಕಡಿಮೆ. ಉಕ್ಕಿ ಬಂದ ಹಾಲಿನಲ್ಲಿ ಈ ರೋಗಾಣು ಉಳಿಯುವುದಿಲ್ಲ. ಕರೆದ ಕೂಡಲೇ ಮಕ್ಕಳಿಗೆ ನೊರೆಹಾಲು ಕೊಡುವುದು, ಹಸಿ ಹಾಲಿನ ಪಂಚಾಮೃತ ಕುಡಿಯುವುದು, ಇವೆರಡು ಕಡೆ ಮಾತ್ರ ಎಚ್ಚರ ಬೇಕು. ಕಾಯಿಸಿ ತಣಿಸಿದ ಹಾಲಿನಲ್ಲೂ ಪಂಚಾಮೃತ ಮಾಡಬಹುದು, ದೇವರೇನೂ ಬೇಡ ಅನ್ನುವುದಿಲ್ಲ.

ನನ್ನ ಪ್ರಕಾರ ನಮ್ಮ ಕಡೆ ದೊಡ್ಡ ಅಪಾಯ ಅಡಿಗೆಮನೆಯಲ್ಲಿ ಇಲ್ಲ, ಕೊಟ್ಟಿಗೆಯಲ್ಲಿದೆ. ಕಸ ಬೀಳದಿದ್ದರೆ ಬರಿಗೈ ಹಾಕಿ ತೆಗೆಯುವವರು ಯಾರು? ಸತ್ತ ಕರು ಎತ್ತಿ, ಕೊಟ್ಟಿಗೆ ತೊಳೆಯುವವರು ಯಾರು? ಹೆಚ್ಚಾಗಿ ಮನೆಯ ಹೆಂಗಸರು, ಕೆಲಸಕ್ಕೆ ಬಂದವರು, ಪಶು ಆಸ್ಪತ್ರೆಯ ಸಿಬ್ಬಂದಿ. ಕೈಮೇಲೆ ಹುಲ್ಲು ಗೀರಿದ ಸಣ್ಣ ಗಾಯ ಸಾಕು, ಕಣ್ಣಿಗೆ ಹಾರಿದ ಹನಿ ಸಾಕು. ಆಮೇಲೆ ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಮೈ ಬೆವರುವುದು, ಸೊಂಟ ನೋವು, ಗಂಟು ನೋವು, ಏಳಲಾಗದ ಸುಸ್ತು. ಗಂಡಸರಿಗೆ ವೃಷಣ ಬಾವು ಬರಬಹುದು, ಬಸುರಿಯರಿಗೆ ಗರ್ಭ ಹೋಗಬಹುದು. ನಮ್ಮಲ್ಲಿ ಜ್ವರ ಅಂದರೆ ಟೈಫಾಯಿಡ್, ಇಲಿ ಜ್ವರ, ಮಂಗನ ಕಾಯಿಲೆ ನೆನಪಾಗುತ್ತವೆ, ಇದು ನೆನಪಾಗುವುದಿಲ್ಲ. ಸೊಂಟ ನೋವಿಗೆ ಎಣ್ಣೆ ತಿಕ್ಕುತ್ತಾ ತಿಂಗಳು ಕಳೆಯುತ್ತೇವೆ. ಸರಿಯಾದ ಔಷಧಿ ಇದೆ, ಆದರೆ ಸಾಮಾನ್ಯವಾಗಿ ಎರಡು ಬಗೆಯ ಆಂಟಿಬಯೋಟಿಕ್ ಆರು ವಾರ ಬಿಡದೆ ತಗೋಬೇಕು. ಹಾಗಾಗಿ ಡಾಕ್ಟರ ಹತ್ತಿರ ಹೋದಾಗ "ನಮ್ಮ ಮನೆಯಲ್ಲಿ ದನ ಇದೆ, ಇಂಥ ತಿಂಗಳಲ್ಲಿ ಕಂದು ಹಾಕಿತ್ತು" ಅಂತ ನೀವೇ ಹೇಳಿ.

ದನಕ್ಕೆ ಮಾತ್ರ ಗುಣವಾಗುವ ಚಿಕಿತ್ಸೆ ಇಲ್ಲ. ಲಸಿಕೆ ಇದೆ. 2019ರ ಸೆಪ್ಟೆಂಬರಿನಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ರೋಗದ ಜೊತೆ ಇದನ್ನೂ ಸೇರಿಸಿದ್ದಾರೆ. 4ರಿಂದ 8 ತಿಂಗಳ ಹೆಣ್ಣುಗರುವಿಗೆ ಜೀವನದಲ್ಲಿ ಒಂದೇ ಸಲ. ಗಂಡುಗರುವಿಗೆ, ಗಬ್ಬದ ದನಕ್ಕೆ ಹಾಕುವಂತಿಲ್ಲ. "ನಮ್ಮದು ಮಲೆನಾಡು ಗಿಡ್ಡ, ಗಟ್ಟಿ ತಳಿ" ಅಂತ ಬಿಡಬೇಡಿ, ಯಾವ ತಳಿಗೂ ವಿನಾಯಿತಿ ಇಲ್ಲ. ಕಿವಿಗೆ ಓಲೆ ಹಾಕಿಸುವುದಕ್ಕೆ ಬೇಸರಪಟ್ಟು ಲಸಿಕೆ ತಪ್ಪಿಸಿದರೆ, ಎಂಟು ತಿಂಗಳು ದಾಟಿದ ಮೇಲೆ ಆ ಅವಕಾಶ ತಿರುಗಿ ಬರುವುದಿಲ್ಲ.

ಇನ್ನು ಕಷ್ಟದ ಪ್ರಶ್ನೆ. ಪರೀಕ್ಷೆಯಲ್ಲಿ ರೋಗ ಇದೆ ಅಂತ ಬಂದ ಆಕಳನ್ನು ಏನು ಮಾಡುವುದು? ಡೆನ್ಮಾರ್ಕ್, ಬ್ರಿಟನ್ನಿನಂಥ ದೇಶಗಳು ಅಂಥ ದನಗಳನ್ನು ಕೊಂದು, ಮಾಲೀಕರಿಗೆ ಪರಿಹಾರ ಕೊಟ್ಟು ರೋಗ ತೊಲಗಿಸಿದವು. ಮನೆಯಲ್ಲಿ ಹುಟ್ಟಿ ಬೆಳೆದ ಆಕಳಿಗೆ ನಾವು ಹಾಗೆ ಮಾಡುವವರಲ್ಲ. ಮಾರಬಾರದು, ಕೊಲ್ಲಬಾರದು ಅಂದ ಮೇಲೆ ಸಾಕುವ ಖರ್ಚು ರೈತನ ತಲೆಮೇಲೆ ಬೀಳುತ್ತದೆ. ಪರೀಕ್ಷೆ ಮಾಡಿಸಲು ಜನ ಹೆದರುವುದು ಇದಕ್ಕೇ. ಗೋವನ್ನು ಉಳಿಸಬೇಕು ಅನ್ನುವ ಸಮಾಜ ಈ ಖರ್ಚಿನಲ್ಲೂ ಪಾಲು ತಗೋಬೇಕು. ಸರ್ಕಾರ ಮೇವಿನ ಸಹಾಯ ಕೊಡಲಿ. ಗೋಶಾಲೆ ನಡೆಸುವವರು ಇಂಥ ದನಗಳಿಗೆ ಬೇರೆಯೇ ಕೊಟ್ಟಿಗೆ ಮಾಡಲಿ, ಉಳಿದವುಗಳ ಜೊತೆ ಬೆರೆಸಬಾರದು. ಹಾಲಿನ ಸಂಘಗಳು ಆಗಾಗ ಹಾಲಿನ ರಿಂಗ್ ಟೆಸ್ಟ್ ಮಾಡಿಸಲಿ. ಒಟ್ಟು ಹಾಲಿನಲ್ಲೇ ಸುಳಿವು ಸಿಗುತ್ತದೆ, ಯಾರ ಹೆಸರೂ ಕೆಡುವುದಿಲ್ಲ. ಸುಳಿವು ಸಿಕ್ಕ ಮೇಲೆ ಒಂದೊಂದೇ ದನದ ರಕ್ತ ನೋಡಬಹುದು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿ ಆಗುವುದು ಇಷ್ಟು. ಆಕಳು ಕಂದು ಹಾಕಿದರೆ ಬೇರೆ ಕಟ್ಟಿ. ಗ್ಲೌಸ್ ಹಾಕದೆ, ಬಾಯಿ ಮೂಗು ಮುಚ್ಚಿಕೊಳ್ಳದೆ ಮುಟ್ಟಬೇಡಿ. ಬಸುರಿಯರು, ಮಕ್ಕಳು ಹತ್ತಿರ ಹೋಗಬಾರದು. ಪಶುವೈದ್ಯರಿಗೆ ತಿಳಿಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ, ರಕ್ತ ಪರೀಕ್ಷೆ ಕೇಳಿ. ಕಂದು ಹಾಕಲು ಬೇರೆ ಕಾರಣಗಳೂ ಇವೆ, ಪರೀಕ್ಷೆಯಿಂದ ಮಾತ್ರ ಗೊತ್ತಾಗುತ್ತದೆ. ಸತ್ತ ಕರು, ಕಸ, ಅಡಿಗೆ ಹಾಸಿದ ಸೊಪ್ಪು ಎಲ್ಲವನ್ನೂ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹುಗಿಯಿರಿ. ಹಳ್ಳಕ್ಕೆ ಎಸೆಯಬೇಡಿ, ಗೊಬ್ಬರ ಗುಂಡಿಗೂ ಹಾಕಬೇಡಿ. ಆ ಗೊಬ್ಬರವನ್ನು ನಾಳೆ ಬುಟ್ಟಿಯಲ್ಲಿ ಹೊತ್ತು ತೋಟಕ್ಕೆ ಒಯ್ಯುವವರು ನಮ್ಮ ಮನೆಯವರೇ.