ಕೈಗೆ ಎಷ್ಟು ಅಂಕ?

ಶಾಲೆಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ವಿಜ್ಞಾನ ವಸ್ತುಪ್ರದರ್ಶನವನ್ನು ನೀವೂ ನೋಡಿರಬಹುದು. ಥರ್ಮೊಕೋಲಿನ ಜ್ವಾಲಾಮುಖಿ, ಥರ್ಮೊಕೋಲಿನ ಹೃದಯ, ಥರ್ಮೊಕೋಲಿನ ಚಂದ್ರಯಾನ. ಹಿಂದಿನ ದಿನ ಅಪ್ಪ ಧಾರವಾಡದ ಅಂಗಡಿಯಿಂದ ತಂದದ್ದು, ರಾತ್ರಿ ಅವ್ವ ಕೂತು ಬಣ್ಣ ಹಚ್ಚಿದ್ದು. ಮಗುವಿನ ಪಾಲಿಗೆ ಉಳಿದದ್ದು ಬಾಯಿಪಾಠ ಮಾಡಿದ ನಾಲ್ಕು ಇಂಗ್ಲಿಷ್ ವಾಕ್ಯ. ಅದಕ್ಕೇ ಮೊದಲ ಬಹುಮಾನ. ಇದು ಸುಳ್ಳು ಎಂದು ಯಾರಾದರೂ ಹೇಳುವುದಾದರೆ ನನ್ನ ಇಪ್ಪತ್ತೆಂಟು ವರ್ಷದ ಮಾಸ್ತರಿಕೆಯನ್ನು ಪಣಕ್ಕಿಟ್ಟು ವಾದಕ್ಕೆ ಕೂಡುತ್ತೇನೆ.

ಅಂಥ ಒಂದು ಪ್ರದರ್ಶನಕ್ಕೆ ನಮ್ಮ ಅಳ್ನಾವರದ ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ತಾನೇ ಕಟ್ಟಿದ ಬೇಸ್ ಗಿಟಾರನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಒಯ್ದಿದ್ದ. ಪರೀಕ್ಷಕರು ಅದನ್ನು ಒಮ್ಮೆ ನೋಡಿ, “ಇದು ವಿಜ್ಞಾನದಾಗ ಬರೂದಿಲ್ಲ, ಸಾಂಸ್ಕೃತಿಕ ವಿಭಾಗಕ್ಕ ಒಯ್ಯಿರಿ” ಅಂದರು. ಸಾಂಸ್ಕೃತಿಕ ವಿಭಾಗದವರು, “ನಮ್ಮಲ್ಲೆ ಹಾಡು, ಕುಣಿತ ಅಷ್ಟ ರೀ ಅಕ್ಕೋರ. ಮಾಡಿದ ಸಾಮಾನಿಗೆ ಕಾಲಮ್ಮಿಲ್ಲ” ಅಂದರು. ಪಾಪ, ಅವರು ಸುಳ್ಳು ಹೇಳಲಿಲ್ಲ. ಮುದ್ರಿತ ನಮೂನೆಯಲ್ಲಿ ನಿಜವಾಗಿಯೂ ಕಾಲಮ್ಮಿರಲಿಲ್ಲ. ನನ್ನ ಜಗಳ ಆ ಇಬ್ಬರ ಸಂಗಡ ಅಲ್ಲ, ಆ ಕಾಲಮ್ಮಿನ ಸಂಗಡ.

ಬೇಸ್ ಗಿಟಾರ್ ಎಂದರೇನೆಂದು ಗೊತ್ತಿಲ್ಲದವರಿಗೆ ಧಾರವಾಡದ ಭಾಷೆಯಲ್ಲೇ ಹೇಳುತ್ತೇನೆ. ತಂಬೂರಿಯ ನಾಲ್ಕು ತಂತಿಗಳಲ್ಲಿ ಕೊನೆಯದು ಖರ್ಜದ್ದು. ಕೇಳುವವರ ಲಕ್ಷ್ಯ ಅದರ ಕಡೆಗೆ ಹೋಗುವುದಿಲ್ಲ, ಆದರೆ ಅದು ನಿಂತರೆ ಹಾಡುವವರ ಕಾಲಕೆಳಗಿನ ನೆಲವೇ ಹೋದಂತೆ. ಆರ್ಕೆಸ್ಟ್ರಾದಲ್ಲಿ ಆ ಖರ್ಜದ ಕೆಲಸ ಬೇಸ್ ಗಿಟಾರಿನದು. ನಾಲ್ಕೇ ತಂತಿ. ಎಲ್ಲಕ್ಕೂ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಅಷ್ಟು ತಗ್ಗಿನ ದನಿ ಬರಬೇಕಾದರೆ ತಂತಿ ಉದ್ದವೂ ಇರಬೇಕು, ದಪ್ಪವೂ ಇರಬೇಕು. ಅದಕ್ಕಾಗಿಯೇ ಸಾಮಾನ್ಯವಾಗಿ ಅದರ ಮಿಡಿಯುವ ತಂತಿಯ ಅಳತೆ 34 ಇಂಚು. ಗಣಪತಿ ಹಬ್ಬದಲ್ಲಿ ಬಂದ ಆರ್ಕೆಸ್ಟ್ರಾದಲ್ಲಿ ಈ ಹುಡುಗ ಹಾಡುವವನನ್ನು ಬಿಟ್ಟು ಮೂಲೆಯಲ್ಲಿ ನಿಂತು ದಪ್ಪ ತಂತಿ ಮಿಡಿಯುತ್ತಿದ್ದವನನ್ನೇ ನೋಡುತ್ತ ನಿಂತಿದ್ದನಂತೆ. ಕೊಡಿಸಿರೆಂದು ಮನೆಯಲ್ಲಿ ಕೇಳುವ ಸ್ಥಿತಿ ಇರಲಿಲ್ಲ. ಅಪ್ಪ ಟೆಂಪೋ ಹೊಡೆಯುತ್ತಾನೆ, ಅವ್ವ ಜಂಪರ್ ಹೊಲಿಯುತ್ತಾಳೆ.

ಅಳ್ನಾವರದಲ್ಲಿ ಕಟ್ಟಿಗೆಗೆ ಬರವೇ? ಬ್ರಿಟಿಷರು ದಾಂಡೇಲಿಯ ಕಾಡಿನ ಮರ ಸಾಗಿಸಲೆಂದೇ ಇಲ್ಲಿಂದ ಕವಲು ರೈಲು ಹಾಕಿದ ಊರು ಇದು. ಆದರೆ ಹುಡುಗ ಹೊಸ ಕಟ್ಟಿಗೆಯ ಗೋಜಿಗೆ ಹೋಗಲಿಲ್ಲ. 2019ರ ಆಗಸ್ಟ್ ಮಳೆಗೆ ಬಿದ್ದ ಸಂಬಂಧಿಕರ ಮನೆಯೊಂದರ ಸಾಗವಾನಿ ತೊಲೆ ಹಿತ್ತಲಲ್ಲಿ ಬಿದ್ದಿತ್ತು. ಎಷ್ಟೋ ವರ್ಷ ಒಣಗಿದ ಕಟ್ಟಿಗೆ ಹೊಸದರಂತೆ ಸೊಟ್ಟಗಾಗುವುದಿಲ್ಲ ಎಂದು ಅವನಿಗೆ ಹೇಳಿಕೊಟ್ಟವನು ಓಣಿಯ ಮುದುಕ ಬಡಿಗ. ತಂತಿಯ ಕೆಳಗೆ ಬೆರಳೂರುವ ಪಟ್ಟಿಗೆ ಮುರಿದ ಮಂಚದ ಸೀಸಂ ಸಿಕ್ಕಿತು. ಇಲ್ಲೊಂದು ಮಾತು ಹೇಳಲೇಬೇಕು. ನಾವು ಸೀಸಂ, ಬೀಟೆ ಎನ್ನುವ ಸಹ್ಯಾದ್ರಿಯ ಈ ಮರ ಜಗತ್ತಿನ ಎಷ್ಟೋ ಒಳ್ಳೆಯ ಗಿಟಾರುಗಳಲ್ಲಿ ಬೆರಳಿನ ಕೆಳಗೇ ಇದೆ. 2017ರಲ್ಲಿ ಆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಬಂದಾಗ ವಾದ್ಯ ತಯಾರಕರೆಲ್ಲ ಕೂಗೆಬ್ಬಿಸಿ, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಪಡೆದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಮ್ಮ ಹಿತ್ತಲ ಗಿಡ ಕ್ಯಾಲಿಫೋರ್ನಿಯಾದವರಿಗೆ ಮದ್ದಾಗಿದೆ, ನಮಗೆ ಮಾತ್ರ ಮುರಿದ ಮಂಚ.

ಈಗ ವಿಜ್ಞಾನದ ಮಾತಿಗೆ ಬರೋಣ. ನಾನು ಬಿ.ಎ., ಬಿ.ಎಡ್., ಕಲಿಸುವುದು ಕನ್ನಡ, ಸಮಾಜ. ಆದರೂ ಆ ಹುಡುಗ ನನಗೆ ಲೆಕ್ಕ ಕಲಿಸಿದ. ಪಟ್ಟಿಯ ಮೇಲಿನ ಲೋಹದ ಮೆಟ್ಟಿಲುಗಳನ್ನು ಮನಸ್ಸಿಗೆ ಬಂದಲ್ಲಿ ಬಡಿಯುವಂತಿಲ್ಲ. ಒಂದು ಸಪ್ತಕದಲ್ಲಿ ಹನ್ನೆರಡು ಸ್ವರ. ಹನ್ನೆರಡು ಮೆಟ್ಟಿಲು ಏರುವುದರೊಳಗೆ ತಂತಿ ಸರಿಯಾಗಿ ಅರ್ಧವಾಗಬೇಕು, ಪ್ರತಿ ಮೆಟ್ಟಿಲಿಗೂ ಒಂದೇ ಪ್ರಮಾಣದಲ್ಲಿ ಕಿರಿದಾಗಬೇಕು. ಆ ಪ್ರಮಾಣವೇ ಎರಡರ ಹನ್ನೆರಡನೆಯ ಮೂಲ. ಕೆಲಸಗಾರರ ಲೆಕ್ಕದಲ್ಲಿ ಉಳಿದ ಉದ್ದವನ್ನು ಪ್ರತಿ ಸಲ 17.817ರಿಂದ ಭಾಗಿಸಬೇಕು. 34 ಇಂಚೆಂದರೆ ಸುಮಾರು 864 ಮಿಲಿಮೀಟರ್. ಮೊದಲ ಮೆಟ್ಟಿಲು 48.5ಕ್ಕೆ, ಅಲ್ಲಿಂದ ಮುಂದಿನದು 45.8ಕ್ಕೆ. ಹೀಗೆ ಹೋಗಿ ಹನ್ನೆರಡನೆಯದು 432ರ ಮೇಲೆ ಬಂದು ಕೂಡುತ್ತದೆ. ಲೆಕ್ಕ ಸರಿ, ಕೈ ಬೇರೆ. ಹುಡುಗ ಮೊದಲು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಅಳೆಯುತ್ತ ಹೋದ. ಪ್ರತಿ ಸಲದ ಪೆನ್ಸಿಲಿನ ದಪ್ಪ ಕೂಡಿ ಕೂಡಿ ಹನ್ನೆರಡನೆಯದರ ಹೊತ್ತಿಗೆ ಮೂರು ಮಿಲಿಮೀಟರ್ ಸರಿದಿತ್ತು. ಆ ಪಟ್ಟಿ ಒಲೆಗೆ ಹೋಯಿತು. ಎರಡನೆಯ ಸಲ ಎಲ್ಲವನ್ನೂ ಕೂಡಿಸಿ ಬರೆದುಕೊಂಡು ಒಂದೇ ತುದಿಯಿಂದ ಅಳೆದ. ತಪ್ಪು ಹೇಗೆ ಬೆಳೆಯುತ್ತದೆ, ಅದನ್ನು ಬೆಳೆಯದಂತೆ ಹೇಗೆ ತಡೆಯುವುದು ಎಂಬ ಈ ಪಾಠ ಎಂಜಿನಿಯರರಿಗೆ ಬೇಕಾದದ್ದು. ಅದನ್ನು ಕಲಿಸಿದ್ದಕ್ಕೆ ಸೀಸಂ ಪಟ್ಟಿ ಸಂಬಳ ಕೇಳಲಿಲ್ಲ.

ನಾಲ್ಕು ತಂತಿ ಬಿಗಿದರೆ ಎಪ್ಪತ್ತು ಎಂಬತ್ತು ಕಿಲೋ ಎಳೆತ. ಒಬ್ಬ ಆಳು ಆ ಕಟ್ಟಿಗೆಗೆ ಹಗಲೂ ರಾತ್ರಿ ಜೋತುಬಿದ್ದ ಹಾಗೆ. ಅದಕ್ಕೆ ಕತ್ತಿನೊಳಗೆ ಗಾಡಿ ತೋಡಿ ಉಕ್ಕಿನ ಸಲಾಕೆ ಕೂಡಿಸಬೇಕು. ಸಾಗವಾನಿಗೆ ತನ್ನದೇ ಎಣ್ಣೆಯ ಜಿಡ್ಡುಂಟು, ಅಂಟು ಬೇಗ ಹಿಡಿಯದು. ಹಚ್ಚುವ ಮುಂಚೆ ಸ್ಪಿರಿಟ್ಟಿನಿಂದ ಒರೆಸಬೇಕು. ತಂತಿಯ ಅದುರಾಟವನ್ನು ವಿದ್ಯುತ್ತಾಗಿ ಹಿಡಿಯುವ ಸುರುಳಿಗೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಏಳು ಸಾವಿರ ಸುತ್ತು ಸುತ್ತಬೇಕು. ಅದನ್ನು ಅವನು ಅವ್ವನ ಹೊಲಿಗೆ ಯಂತ್ರದ ಬಾಬಿನ್ ಸುತ್ತುವ ಚಕ್ರಕ್ಕೆ ಕಟ್ಟಿ ಸುತ್ತಿದ. ಹಳೆಯ ಕ್ಯಾಲ್ಕುಲೇಟರಿನ ‘ಸಮ’ ಗುಂಡಿಗೆ ಎರಡು ತಂತಿ ಬೆಸೆದು, ಒಂದು ಸುತ್ತಿಗೆ ಒಂದರಂತೆ ತಾನೇ ಎಣಿಸುವ ಹಾಗೆ ಮಾಡಿದ್ದ. ತಾಮ್ರ ಮೂರು ಸಲ ಹರಿಯಿತು. ಅವ್ವನ ಎರಡು ದಿನದ ಹೊಲಿಗೆ ನಿಂತಿತು, ಮನೆಯಲ್ಲಿ ಮಾತೂ ನಿಂತಿತು. ಕಾಂತದೆದುರು ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆಂಬ ಫ್ಯಾರಡೆಯ ನಿಯಮವನ್ನು ನಾವು ಬೋರ್ಡಿನ ಮೇಲೆ ಬರೆದು ಅಳಿಸುತ್ತೇವೆ. ಇವನು ಅದನ್ನು ಕಿವಿಯಿಂದ ಕೇಳಿದ. ಇದು ವಿಜ್ಞಾನದಲ್ಲಿ ಬರುವುದಿಲ್ಲವಂತೆ.

ಕಟ್ಟುವುದಕ್ಕಿಂತ ಮುಗಿಸುವುದು ದೊಡ್ಡದು. ಪಾಲಿಶ್ ಕಾಗದ 80ರಿಂದ ಶುರುವಾಗಿ 120, 220, 400. ಒಂದನ್ನು ಹಾರಿಸಿದರೆ ಅದರ ಗೀರು ಕೊನೆಗೆ ಬಣ್ಣದಡಿಯಿಂದ ಎದ್ದು ಅಣಕಿಸುತ್ತದೆ. ಹುಡುಗ ಶ್ರಾವಣದಲ್ಲಿ ಅವಸರಪಟ್ಟು ಅರಗಿನ ಪಾಲಿಶ್ ಹಚ್ಚಿದ. ಅಳ್ನಾವರದ ಮಳೆ ನಿಮಗೆ ಗೊತ್ತಲ್ಲ, ಮಲೆನಾಡಿನ ಸೆರಗು ಇದು, ಹಾಸಿಗೆಯೂ ಹಸಿ. ಸ್ಪಿರಿಟ್ ಆರುವಾಗ ಗಾಳಿಯ ತೇವ ಹಿಡಿದು ಅರಗೆಲ್ಲ ಬೂದು ಬಡಿದಂತೆ ಬೆಳ್ಳಗಾಯಿತು. ಮುದುಕ ಬಡಿಗ ನಕ್ಕು, “ದಸರಾ ಆಗಲಿ ತಮ್ಮಾ, ಬಿಸಲ ಬರಲಿ” ಅಂದ. ಎರಡು ತಿಂಗಳು ಆ ವಾದ್ಯ ಅಟ್ಟದ ಮೇಲೆ ಸುಮ್ಮನೆ ಮಲಗಿತು. ಆಮೇಲೆ ಎಲ್ಲ ಕೆರೆದು, ಕುದಿಸಿದ ಅಗಸಿ ಎಣ್ಣೆ ತೆಳ್ಳಗೆ ತಿಕ್ಕಿ, ಒರೆಸಿ, ದಿನಗಟ್ಟಲೆ ಒಣಗಿಸಿ, ಮತ್ತೆ ತಿಕ್ಕಿ. ನಾವು ಚಟ್ನಿ ಕುಟ್ಟುವ ಅದೇ ಅಗಸಿ, ಎರೆ ಹೊಲದ್ದು. ಮನೆಯಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ: ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿರಿ, ಒಳಗೇ ಕಾವೇರಿ ಅದಕ್ಕದೇ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹಗ್ಗಕ್ಕೆ ಹಾಕಬೇಕು. ಕಾಯುವುದೂ ಕೆಲಸದ ಭಾಗವೆಂದು ಯಾವ ಪಠ್ಯಪುಸ್ತಕ ಹೇಳಿಕೊಟ್ಟಿದೆ? ನಮ್ಮಲ್ಲಿ ಪ್ರಾಜೆಕ್ಟ್ ಎಂದರೆ ಶುಕ್ರವಾರ ಹೇಳಿ ಸೋಮವಾರ ತರಿಸಿಕೊಳ್ಳುವುದು.

ಧಾರವಾಡದ ನೆಲಕ್ಕೆ ಸಂಗೀತದ ಬಿಂಕ ಬಹಳ. ಇರಲಿ, ಇರಬೇಕಾದದ್ದೇ. ಸವಾಯಿ ಗಂಧರ್ವರು, ಮನ್ಸೂರರು, ಗಂಗೂಬಾಯಿ, ರಾಜಗುರುಗಳು ಎಂದು ಬೆರಳು ಮಡಚುತ್ತೇವೆ. ಅವರ ಹಿಂದೆ ಮಿಡಿದ ತಂಬೂರಿ ಕಟ್ಟಿದ ಒಬ್ಬನ ಹೆಸರು ಹೇಳಿರಿ ನೋಡೋಣ. ಹುಬ್ಬಳ್ಳಿಯಿಂದ ಮೀರಜಿಗೆ ಹೋಗುವ ರೈಲು ನಮ್ಮ ಅಳ್ನಾವರದ ಮೇಲೆಯೇ ಹೋಗುತ್ತದೆ. ಆ ದಾರಿಯ ಕೊನೆಗೆ ಸೋರೆಬುರುಡೆ ಒಣಗಿಸಿ, ಕೊರೆದು, ಜವಾರಿ ತಿದ್ದುವ ಮನೆತನಗಳಿವೆ. ಅವರ ಸಿತಾರ, ತಂಬೂರಿಗೆ ಭೌಗೋಳಿಕ ಸೂಚಕದ ಮುದ್ರೆ ಬಿದ್ದದ್ದು 2024ರಲ್ಲಿ. ಹಾಡಿದವರಿಗೆ ಶಾಲು, ಮಾಡಿದವರಿಗೆ ಮಜೂರಿ, ಅದೂ ಚೌಕಾಸಿ ಮಾಡಿ. ಕೈ ಹಚ್ಚಿದ ಕಲಾವಿದರು ಇರಲಿಲ್ಲವೆಂದಲ್ಲ. ಧಾರವಾಡದಲ್ಲಿ ನೆಲೆನಿಂತ ಸಿತಾರರತ್ನ ರಹಿಮತ್ ಖಾನರು ಸಿತಾರದ ಏಳು ತಂತಿಗಳ ಜೋಡಣೆಯನ್ನೇ ಬದಲಿಸಿ ಅದರಲ್ಲಿ ಮೂರು ಸಪ್ತಕ ಪೂರ್ತಿ ನುಡಿಯುವಂತೆ ಮಾಡಿದರು. ಅದನ್ನು ಇಂದು ಯಾರಾದರೂ ಪ್ರದರ್ಶನಕ್ಕೆ ತಂದರೆ ಯಾವ ಕಾಲಮ್ಮು?

ಇನ್ನು ಜೋಗತಿಯರ ಚೌಡಿಕೆ. ಸವದತ್ತಿ ಗುಡ್ಡಕ್ಕೆ ಹೋಗುವವರನ್ನು ಕಂಡೇ ಬೆಳೆದವರು ನಾವು. ಟೊಳ್ಳು ಮರದ ಕೊಳಗ, ತಳಕ್ಕೆ ಚರ್ಮ, ಚರ್ಮದ ನಡುವಿನಿಂದ ಹೊರಟು ಕೋಲಿನ ಬೆಣೆಗೆ ಬಿಗಿದ ಒಂದೇ ತಂತಿ. ಅದೂ ತಗ್ಗಿನ ದನಿಯದೇ, ಅದೂ ಹಾಡಿಗೆ ನೆಲ ಹಾಸುವುದೇ. 2021ರಲ್ಲಿ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ನಮ್ಮ ಸ್ಟಾಫ್ ರೂಮಿನಲ್ಲೂ ಪೇಢೆ ಹಂಚಿದರು. ಒಂದು ಚೌಡಿಕೆ ತಂದು ಮಕ್ಕಳೆದುರು ಬಿಚ್ಚಿ ತೋರಿಸೋಣವೆಂದರೆ ಮಾತ್ರ, “ಶಾಲ್ಯಾಗ ಅದ್ಯಾಕ್ರಿ” ಎಂಬ ಪಿಸುಮಾತು.

ನನ್ನ ವಾದಕ್ಕೆ ಬರುವ ಆಕ್ಷೇಪಣೆಗಳು ಗೊತ್ತಿವೆ. ಅದು ಪರದೇಶಿ ವಾದ್ಯವಂತೆ. ಹಾರ್ಮೋನಿಯಂ ಯಾವ ದೇಶದ್ದು? ಪರದೇಶಿ ಎಂದೇ 1940ರಿಂದ 1971ರವರೆಗೆ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ನಮ್ಮ ಕಂಪನಿ ನಾಟಕದವರೂ ಭಜನೆಯವರೂ ಕೇಳಿದರೇ? ಇನ್ನು, ಅಗ್ಗದಲ್ಲಿ ಚೀನಾ ಮಾಲು ಸಿಗುವಾಗ ಮಾಡುವುದೇಕೆ ಎನ್ನುತ್ತಾರೆ. ಹಾಗಾದರೆ ಉತ್ತರವಿರುವ ಗೈಡೂ ಸಿಗುತ್ತದೆ, ಬರೆಸುವುದೇಕೆ? ಮೂರನೆಯದೇ ನಿಜವಾದ ಆಕ್ಷೇಪಣೆ. ಪಾಲಕರ ಸಭೆಯಲ್ಲಿ ಒಬ್ಬ ಗೃಹಸ್ಥರು ಎದ್ದು ಕೇಳಿದರು: “ಏನ್ರಿ ಅಕ್ಕೋರ, ಓದೋ ಹುಡುಗನ್ನ ಬಡಿಗ್ಯಾನ ಮಾಡಬೇಕಂತೀರೇನು?” ಸಭೆ ನಕ್ಕಿತು. ನಾನು ನಗಲಿಲ್ಲ. ಆ ನಗೆಯೊಳಗೆ ಜಾತಿ ಇದೆ. ಉಳಿ ಹಿಡಿಯುವ ಕೈ ಕೆಳಗಿನದು, ಪೆನ್ನು ಹಿಡಿಯುವ ಕೈ ಮೇಲಿನದು ಎಂಬ ಹಳೆಯ ಲೆಕ್ಕ. ಬಡಿಗೇರರ ಹುಡುಗನೇ ಪಟ್ಟಿಯಲ್ಲಿ ಹಿಂದೆ ಬಿದ್ದಾಗ “ಕೈಕೆಲಸದಾಗ ಚಲೋ ಅದಾನ” ಎಂದು ನಾವು ಶಿಕ್ಷಕರೇ ಅನ್ನುತ್ತೇವಲ್ಲ, ಅದು ಹೊಗಳಿಕೆಯ ವೇಷದ ಬೈಗುಳ.

ಲಿಯೋ ಫೆಂಡರ್ ಎಂಬಾತ ಅಮೆರಿಕದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವನು, ಗಿಟಾರ್ ನುಡಿಸಲು ಬಾರದವನು. 1951ರಲ್ಲಿ ಅವನು ಮಾರಾಟಕ್ಕೆ ತಂದ ಬೇಸ್ ಗಿಟಾರಿನ ಅಚ್ಚನ್ನೇ ಜಗತ್ತು ಇಂದಿಗೂ ಹಿಡಿದಿದೆ. ಇಂಗ್ಲೆಂಡಿನ ಬ್ರಾಯನ್ ಮೇ ಎಂಬ ಹುಡುಗ 1963ರಲ್ಲಿ ತಂದೆಯ ಜೊತೆ ಕೂಡಿ ಹಳೆಯ ಅಗ್ಗಿಷ್ಟಿಕೆಯ ಕಟ್ಟಿಗೆಯಿಂದ ಗಿಟಾರ್ ಕಟ್ಟಲು ಶುರುಮಾಡಿದ. ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿ ತುರುಕಿದ. ಅದೇ ಗಿಟಾರಿನಿಂದ ಹೆಸರಾಗಿ, 2007ರಲ್ಲಿ ಖಗೋಳ ಭೌತಶಾಸ್ತ್ರದಲ್ಲಿ ಡಾಕ್ಟರೇಟನ್ನೂ ಪಡೆದ. ಅವನ ತಂದೆ ಅಳ್ನಾವರದಲ್ಲಿದ್ದಿದ್ದರೆ ಟ್ಯೂಶನ್ನಿಗೆ ಅಟ್ಟುತ್ತಿದ್ದನೋ ಏನೋ.

ಸರಕಾರಗಳು ಹೇಳಿಲ್ಲವೆ? ಹೇಳಿವೆ, ಹೇಳಿ ಹೇಳಿ ದಣಿದಿವೆ. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಕೈಕೆಲಸದ ಮೂಲಕವೇ ಶಿಕ್ಷಣವೆಂದರು. 1966ರಲ್ಲಿ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದಕ್ಕೇ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂಬ ಉದ್ದನೆಯ ಹೆಸರಿಟ್ಟಿತು. 2020ರ ರಾಷ್ಟ್ರೀಯ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಚೀಲ ಬಿಟ್ಟು ಬಡಿಗ, ಕುಂಬಾರರ ಬಳಿ ಕಲಿಯಲಿ ಎಂದಿತು. ನನ್ನ ಕಣ್ಣೆದುರು ಆದದ್ದಿಷ್ಟು: ವೇಳಾಪಟ್ಟಿಯಲ್ಲಿ ಕಾರ್ಯಾನುಭವ ಎಂದು ಬರೆದ ಅವಧಿಯಲ್ಲಿ ಗಣಿತದವರು ಬಂದು ಉಳಿದ ಭಾಗ ಮುಗಿಸುತ್ತಾರೆ. ಆ ಗಣಿತದಲ್ಲಿ ಎರಡರ ಹನ್ನೆರಡನೆಯ ಮೂಲ ಇರುವುದಿಲ್ಲ. ಹೆಣ್ಣುಮಕ್ಕಳ ಪಾಲಿಗೆ ಅದು ಶಾಲೆಯ ಅಂಗಳ ಗುಡಿಸುವ ಅವಧಿ, ಅದನ್ನು ಪ್ರತ್ಯೇಕ ಬರೆಯಬೇಕು.

ಹುಡುಗನ ಗಿಟಾರ್ ಪರಿಪೂರ್ಣವೇನಲ್ಲ. ಹೆಗಲಿಗೆ ಭಾರ, ಹದಿನೇಳನೆಯ ಮೆಟ್ಟಿಲಲ್ಲಿ ತಂತಿ ಝರ್ರೆನ್ನುತ್ತದೆ, ಎಣ್ಣೆಯ ಬಣ್ಣ ಒಂದು ಕಡೆ ಕಪ್ಪು. ಆದರೆ ಸ್ವರದಲ್ಲಿದೆ. ಅದರ ದಪ್ಪ ತಂತಿ ಮಿಡಿದರೆ ನನ್ನ ಮೇಜಿನ ಗಾಜು ಅದುರುತ್ತದೆ.

ಈ ಜೂನ್‌ನಿಂದ ಶನಿವಾರದ ಎರಡು ಅವಧಿಗಳನ್ನು ಯಾರಿಗೂ ಬಿಟ್ಟುಕೊಡಬಾರದೆಂದು ನಿರ್ಧರಿಸಿದ್ದೇನೆ. ಮುದುಕ ಬಡಿಗ ಬರಲು ಒಪ್ಪಿದ್ದಾನೆ, ತನ್ನ ರಂದಾ, ಉಳಿ ತಾನೇ ತರುತ್ತಾನಂತೆ. ಅವನಿಗೆ ಗೌರವಧನ ಕೊಡಬೇಕೆಂದು ಅರ್ಜಿ ಬರೆದೆ. ಯಾವ ಶೀರ್ಷಿಕೆಯಲ್ಲಿ ಖರ್ಚು ಹಾಕುವುದೆಂದು ಕೇಳಿ ಕಚೇರಿಯಿಂದ ಹಿಂದಕ್ಕೆ ಬಂತು. ‘ಅತಿಥಿ ಶಿಕ್ಷಕ’ ಎಂದು ಬರೆದು ಕಳಿಸಿದೆ. ವಿದ್ಯಾರ್ಹತೆ ಕಾಲಮ್ಮು ಖಾಲಿ ಇದೆ ಎಂದು ಮತ್ತೆ ಬಂತು. ಅಲ್ಲಿ, ಐವತ್ತು ವರ್ಷದ ಬಡಿಗತನ ಎಂದು ತುಂಬಿ, ಸಹಿ ಮಾಡಿ, ನಿನ್ನೆ ಮೂರನೆಯ ಸಲ ಟಪಾಲಿಗೆ ಹಾಕಿದ್ದೇನೆ.