ಕಣ್ಣಿಗೆ ಕ್ಯಾಂಪು, ಕಿವಿಗೆ ಜೋಕು!

ನಮ್ಮ ವೈ.ಎನ್.ಹೊಸಕೋಟೆ ಕಡೆ ವಯಸ್ಸಾದವರಿಗೆ ಕಣ್ಣು ಮಂಜಾದ್ರೆ ಏನು ಮಾಡಬೇಕು ಅಂತ ಹತ್ತು ವರ್ಷದ ಹುಡುಗನಿಗೂ ಗೊತ್ತು. ಪಾವಗಡದಲ್ಲಿ ಶಾರದಾದೇವಿ ಕಣ್ಣಿನ ಆಸ್ಪತ್ರೆ ಇದೆ, ಕರ್ಕೊಂಡು ಹೋಗಿ ಪೊರೆ ತೆಗೆಸಿದ್ರಾಯ್ತು. ಅದೇ ಕಿವಿ ಕೇಳಿಸದೇ ಹೋದ್ರೆ? "ವಯಸ್ಸಾಯ್ತಲ್ಲ, ಬಿಡು" ಅಂತಾರೆ. ಅದರ ಬೆನ್ನಿಗೇ ಒಂದು ಜೋಕು. ನಾಟಕ, ಸಿನಿಮಾಗಳಲ್ಲಿ ಎಷ್ಟು ಕಿವುಡ ತಾತಂದಿರನ್ನು ನೋಡಿ ನಕ್ಕಿಲ್ಲ ಹೇಳಿ!

ನಮ್ಮದು ನೇಕಾರರ ಊರು. ದಿನಕ್ಕೆ ಎಂಟು ಗಂಟೆ 85 ಡೆಸಿಬಲ್‌ಗಿಂತ ಜೋರಾದ ಸದ್ದಿನಲ್ಲಿದ್ದರೆ ಕಿವಿಗೆ ಅಪಾಯ ಅಂತಾರೆ ತಿಳಿದವರು. ಪವರ್‌ಲೂಮ್ ಶೆಡ್ಡಿನ ಸದ್ದು ಅದನ್ನು ಸಲೀಸಾಗಿ ದಾಟುತ್ತೆ. ನಮ್ಮ ತಾತ ಅಂಥ ಶೆಡ್ಡಿನಲ್ಲೇ ಅರ್ಧ ಆಯುಷ್ಯ ಕಳೆದವರು. ಅದರ ಮೇಲೆ ವಯಸ್ಸು ಬೇರೆ.

ವಯಸ್ಸಿನ ಕಿವುಡಿನಲ್ಲಿ ಒಂದು ವಿಚಿತ್ರ ಇದೆ. ಮೊದಲು ಹೋಗೋದು ಹೈ ಫ್ರೀಕ್ವೆನ್ಸಿ. ಸ, ಶ, ತ, ಕ ಥರದ ವ್ಯಂಜನಗಳು ಇರೋದು ಅಲ್ಲೇ. ಸ್ವರಗಳು ಕೆಳಗಿನ ಫ್ರೀಕ್ವೆನ್ಸಿಯವು, ಅವು ಉಳಿಯುತ್ತವೆ. ಹಾಗಾಗಿ 'ಸಾಲ' ಅಂದ್ರೂ 'ಕಾಲ' ಅಂದ್ರೂ ತಾತನಿಗೆ ಕೇಳಿಸೋದು ಬರೀ 'ಆಲ'. ಉಳಿದದ್ದನ್ನು ಅವರೇ ಊಹಿಸ್ಕೋಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ವಾಲ್ಯೂಮ್ ಪ್ರಾಬ್ಲಮ್ ಅಲ್ಲ ಗುರು, ಪ್ಯಾಕೆಟ್ ಲಾಸ್! ಎಷ್ಟೇ ಕಿರುಚಿದ್ರೂ ಜೋರಾಗೋದು ಆ 'ಆ'ಕಾರವೇ. ಅದಕ್ಕೇ ಅವರು "ಕೇಳಿಸ್ತಿದೆ ಕಣೋ, ಯಾಕೆ ಕಿರುಚ್ತೀಯ?" ಅಂತ ಬೈಯೋದು. ಅವರು ಹೇಳೋದು ನಿಜ. ಕೇಳಿಸುತ್ತೆ, ತಿಳಿಯಲ್ಲ.

ಇದರ ಪರಿಣಾಮ ಕಿವಿಗೇ ನಿಲ್ಲಲ್ಲ. ತಾತ ಮೊದಲು ಮದುವೆ-ಮುಂಜಿಗೆ ಹೋಗೋದು ಬಿಟ್ಟರು, ಆಮೇಲೆ ಕಟ್ಟೆ ಮೇಲಿನ ಹರಟೆ, ಆಮೇಲೆ ಫೋನು. ಡಾಕ್ಟರು ಏನು ಹೇಳಿದ್ರೂ ತಲೆ ಆಡಿಸಿ ಬರ್ತಾರೆ, ಮಾತ್ರೆ ಯಾವಾಗ ನುಂಗಬೇಕು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲ್ಲ. ಮಗ್ಗ ಮಾರುವ ಮಾತು ಅವರ ಎದುರಿಗೇ ನಡೀತು, ಅವರನ್ನು ಕೇಳದೇ ಮುಗೀತು. "ಅವರಿಗೆ ಹೇಳಿದ್ರೂ ಒಂದೇ, ಬಿಟ್ರೂ ಒಂದೇ" ಅಂದುಬಿಟ್ಟರು. ಮನುಷ್ಯ ಕಣ್ಣೆದುರಿಗೇ ಮನೆಯ ಒಂದು ಸಾಮಾನಾಗಿ ಹೋಗೋದು ಅಂದ್ರೆ ಇದೇ.

ಮರೆವಿನ ಕಾಯಿಲೆಗೂ ಇದಕ್ಕೂ ನಂಟಿದೆ. ಡಿಮೆನ್ಷಿಯಾ ಬಗ್ಗೆ 2024ರ ಲ್ಯಾನ್ಸೆಟ್ ಆಯೋಗದ ವರದಿ ತಡೆಯಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ, ಶ್ರವಣದೋಷ ಅದರಲ್ಲೊಂದು. 2023ರಲ್ಲಿ ಅಮೆರಿಕದ 'ಅಚೀವ್' ಅಧ್ಯಯನದಲ್ಲಿ, ಮೊದಲೇ ಅಪಾಯ ಹೆಚ್ಚಿದ್ದ ಹಿರಿಯರಿಗೆ ಹಿಯರಿಂಗ್ ಏಡ್ ಕೊಟ್ಟಾಗ ಮೂರು ವರ್ಷದಲ್ಲಿ ಬುದ್ಧಿ ಮಂಕಾಗುವ ವೇಗ 48% ತಗ್ಗಿತು. ಇಡೀ ಗುಂಪನ್ನು ಒಟ್ಟಿಗೆ ತಗೊಂಡಾಗ ಅಂಥ ವ್ಯತ್ಯಾಸ ಕಾಣಲಿಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಮಷೀನು ಮಂತ್ರದಂಡ ಅಲ್ಲ. ಆದ್ರೆ ಮರೆವಿನ ಮಾತು ಹಾಗಿರಲಿ, ಮನೆಯವರ ಜೊತೆ ಮಾತಾಡೋದು ಸಾಲದಾ ಕಾರಣಕ್ಕೆ?

"ತಗೊಂಡ್ರೂ ಹಾಕ್ಕೊಳ್ಳಲ್ಲಪ್ಪ, ಡ್ರಾಯರ್‌ನಲ್ಲಿ ಬಿದ್ದಿರುತ್ತೆ" ಅಂತ ಆಕ್ಷೇಪ ಬರುತ್ತೆ. ನಿಜ. ಕನ್ನಡಕ ಹಾಕಿದ ಕೂಡಲೇ ಅಕ್ಷರ ಕಾಣುತ್ತೆ, ಕಿವಿ ಮಷೀನು ಹಾಗಲ್ಲ. ವರ್ಷಗಟ್ಟಲೆ ಕೇಳದ ಸದ್ದುಗಳಿಗೆ ಮಿದುಳು ಹೊಂದಿಕೊಳ್ಳೋಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಪರೀಕ್ಷೆ ಮಾಡಿಸದೇ ಅಂಗಡಿಯಿಂದ ತಂದು ಸಿಕ್ಕಿಸಿದ್ರೆ ಬರೀ ಗುಂಯ್‌ಗುಟ್ಟುತ್ತೆ. ಆಡಿಯೋಗ್ರಾಮ್ ಮಾಡಿಸಿ, ಯಾವ ಫ್ರೀಕ್ವೆನ್ಸಿ ಹೋಗಿದೆಯೋ ಅದನ್ನೇ ಏರಿಸಬೇಕು. ಎಷ್ಟೋ ಸಲ ತೊಂದರೆ ಬರೀ ಕಿವಿಯ ಗುಗ್ಗೆ ಆಗಿರುತ್ತೆ, ಡಾಕ್ಟರು ಐದು ನಿಮಿಷದಲ್ಲಿ ತೆಗೀತಾರೆ.

ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬಡ ಹಿರಿಯರಿಗೆ ಉಚಿತ ಸಾಧನ ಕೊಡುವ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಶುರುವಾಯ್ತು, ಅದರಲ್ಲಿ ಹಿಯರಿಂಗ್ ಏಡ್ ಕೂಡ ಇದೆ. ಆದ್ರೆ ಹೊಸಕೋಟೆಯಿಂದ ಮೈಸೂರು ಎಲ್ಲಿ? ನನ್ನ ವಾದ ಇಷ್ಟೇ: ಅರವತ್ತು ದಾಟಿದವರಿಗೆ ಬಿಪಿ, ಶುಗರ್ ನೋಡುವ ಜಾಗದಲ್ಲೇ ಕಿವಿಯನ್ನೂ ನೋಡಲಿ. ಕಣ್ಣಿನ ಕ್ಯಾಂಪು ನಡೆಸುವ ಸಂಘ-ಸಂಸ್ಥೆಗಳು ಕಿವಿಗೂ ಒಂದು ಕ್ಯಾಂಪು ಮಾಡಲಿ, ಅದೂ ನೇಕಾರರ ಊರುಗಳಲ್ಲಿ ಮೊದಲು.

ಅಲ್ಲಿಯವರೆಗೆ ಖರ್ಚಿಲ್ಲದ ಕೆಲಸ ಒಂದಿದೆ. ಟಿವಿ ಆರಿಸಿ, ಎದುರಿಗೆ ಕೂತು, ಮುಖ ಕಾಣುವ ಹಾಗೆ ನಿಧಾನವಾಗಿ ಮಾತಾಡಿ. ಕಿರುಚಬೇಡಿ.

ನಿಮ್ಮ ಊರುಗಳಲ್ಲಿ ಕಿವಿಗೆ ಅಂತ ಕ್ಯಾಂಪು ನಡೆದದ್ದು ಯಾರಿಗಾದ್ರೂ ಗೊತ್ತಾ? ಗೊತ್ತಿದ್ರೆ ದಯವಿಟ್ಟು ಬರೀರಿ, ನಮ್ಮೂರಿನವರಿಗೂ ಹೇಳ್ತೀನಿ.